ಐಸಕ್ಕನ ಅನುಮಾನ

ಟ್ಯೂಬ್ ಐಸನ್ನು ಬೆಳಕಿಗೆ ಹಿಡಿದು ನೋಡಿದ ಕೂಡಲೇ ಐಸಕ್ಕನಿಗೆ ಗೊತ್ತಾಗಿಹೋಯಿತು. ಕಿತ್ತಳೆ ಬಣ್ಣವೆಲ್ಲ ತಳಕ್ಕಿಳಿದು ಗಟ್ಟಿಯಾಗಿ ಕೂತಿತ್ತು. ಮೇಲರ್ಧ ಬರೀ ಬಿಳಿ ನೀರಿನ ಗಡ್ಡೆ. ಕರಗಿ ಮತ್ತೆ ಹೆಪ್ಪುಗಟ್ಟಿದ ಐಸ್ ಮಾತ್ರ ಹೀಗಾಗುತ್ತದೆ. ಅಂದರೆ ಫ್ರೀಜರ್ ನಿನ್ನೆ ಯಾವುದೋ ಹೊತ್ತಿನಲ್ಲಿ ನಿಂತಿದೆ, ಆಮೇಲೆ ತಾನಾಗಿಯೇ ಶುರುವಾಗಿದೆ.

"ತಾನಾಗಿಯೇ ಅಂತೆ! ಅದಕ್ಕೇನು ಕೈಕಾಲು ಇದೆಯಾ?" ಎಂದು ಗೊಣಗಿಕೊಂಡು ಅವಳು ಮೆಕ್ಯಾನಿಕ್‌ಗೆ ಫೋನ್ ಮಾಡಿದಳು.

ಐಸಕ್ಕ ಎಂಬುದು ಬೀದಿಯ ಮಕ್ಕಳು ಇಟ್ಟ ಹೆಸರು. ಮನೆಯ ಮುಂದಿನ ಕೋಣೆಯೇ ಅವಳ ಕಾರ್ಖಾನೆ. ಗೋಡೆಯುದ್ದಕ್ಕೂ ದೊಡ್ಡ ಫ್ರೀಜರ್‌ಗಳು, ಕಿಟಕಿಯ ಪಕ್ಕ ಸಕ್ಕರೆ ಪಾಕ ಆರಿಸುವ ಸ್ಟೀಲ್ ಡ್ರಮ್ಮು, ಮೂಲೆಯಲ್ಲಿ ಕಾಲಿನಿಂದ ಒತ್ತುವ ಸೀಲಿಂಗ್ ಯಂತ್ರ. ಕಿತ್ತಳೆ, ನಿಂಬೆ, ದ್ರಾಕ್ಷಿ, ಹಾಲು. ಪ್ಲಾಸ್ಟಿಕ್ ಟ್ಯೂಬಿಗೆ ತುಂಬಿ, ಬಾಯಿಯನ್ನು ಬಿಸಿ ಪಟ್ಟಿಗೆ ಕೊಟ್ಟು ಮುಚ್ಚಿ, ಟ್ರೇಯಲ್ಲಿ ಜೋಡಿಸಿ ಫ್ರೀಜರಿಗೆ ಇಟ್ಟರೆ ಮಾರನೆಯ ಬೆಳಿಗ್ಗೆ ಸೈಕಲ್ಲಿನವರು ಬಂದು ಡಬ್ಬಿಗಳಲ್ಲಿ ಒಯ್ಯುತ್ತಿದ್ದರು. ಇದನ್ನೆಲ್ಲ ಶುರು ಮಾಡಿದ್ದು ಅವಳ ಅತ್ತೆ. ಅತ್ತೆಯ ಒಬ್ಬನೇ ಮಗ, ಐಸಕ್ಕನ ಗಂಡ, ರಸ್ತೆ ಅಪಘಾತದಲ್ಲಿ ಹೋದ ಮೇಲೆ ಆ ಮನೆಯಲ್ಲಿ ಉಳಿದದ್ದು ಇಬ್ಬರು ಹೆಂಗಸರು ಮತ್ತು ಹಗಲಿರುಳು ಗುಂಯ್‌ಗುಡುವ ಫ್ರೀಜರ್‌ಗಳು.

ಗಂಡ ಹೋದ ಹೊಸದರಲ್ಲಿ ಅವನ ಗೆಳೆಯನೊಬ್ಬ "ಅತ್ತಿಗೆ, ನಾನಿದ್ದೀನಿ" ಎಂದು ಬಂದ. ಅಂಗಡಿಗಳಿಗೆ ಮಾಲು ಹಾಕಿ ಬರುವ ಕೆಲಸ ಹೊತ್ತುಕೊಂಡ. ವರ್ಷ ತುಂಬುವುದರೊಳಗೆ ಆ ಅಂಗಡಿಗಳನ್ನೆಲ್ಲ ತನ್ನ ಕಡೆ ಮಾಡಿಕೊಂಡು, ಬೇರೆ ಕಂಪನಿಯ ಏಜೆಂಟಾಗಿ ಕೂತ. ಅಂದಿನಿಂದ ಐಸಕ್ಕ ಯಾರಾದರೂ ನಕ್ಕರೆ ಮೊದಲು ಅವರ ಕೈ ಎಲ್ಲಿದೆ ಎಂದು ನೋಡುತ್ತಿದ್ದಳು.

ಮೆಕ್ಯಾನಿಕ್ ಬಂದ. ತೆಳ್ಳಗೆ, ಎತ್ತರಕ್ಕೆ, ಬಾಗಿಲು ದಾಟುವಾಗ ತಲೆ ಬಗ್ಗಿಸುವ ಆಳು.

"ಏನಾಯ್ತು ಮೇಡಂ?"

"ನೀವೇ ಹೇಳ್ಬೇಕು. ಹೋದ ವಾರ ರಿಪೇರಿ ಮಾಡಿದ್ದು ನೀವೇ ಅಲ್ವಾ?"

ಅವನು ಫ್ರೀಜರಿನ ಪಕ್ಕಕ್ಕೆ ಕಿವಿಯಿಟ್ಟು ಆಲಿಸಿದ. ಹಿಂಬದಿಗೆ ಹೋಗಿ ತಡಕಾಡಿದ. ಎದ್ದು ನಿಂತಾಗ ಅವನ ಕಣ್ಣು ಒಂದು ಗಳಿಗೆ ಸೀಲಿಂಗ್ ಯಂತ್ರದ ಮುಂದೆ ಕೂತಿದ್ದ ಅತ್ತೆಯ ಕಡೆ ಹೋಯಿತು. ಅತ್ತೆ ತಟ್ಟನೆ ತಲೆ ತಗ್ಗಿಸಿ ಟ್ಯೂಬೊಂದನ್ನು ಎರಡೆರಡು ಸಲ ಸೀಲ್ ಮಾಡಿದರು. ಇದು ಐಸಕ್ಕನ ಕಣ್ಣಿಗೆ ಬೀಳದೆ ಇರಲಿಲ್ಲ.

"ಸಣ್ಣ ತೊಂದ್ರೆ. ಸರಿ ಮಾಡ್ತೀನಿ," ಎಂದು ಅವನು ಗೋಡೆಯ ಸ್ವಿಚ್ಚಿಗೆ ಮುಚ್ಚಳವಿರುವ ಪುಟ್ಟ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಕೂರಿಸತೊಡಗಿದ.

"ಇದ್ಯಾಕೆ?"

"ಕೈ ತಾಗದೆ ಇರ್ಲಿ ಅಂತ."

"ಯಾರ ಕೈ?"

ಅವನ ಸ್ಕ್ರೂಡ್ರೈವರ್ ನಿಂತಿತು. "ಅಂದ್ರೆ... ಇಲಿ ಗಿಲಿ ಓಡಾಡ್ತಾವಲ್ಲ."

"ಇಲಿ ಸ್ವಿಚ್ ಆಫ್ ಮಾಡುತ್ತಾ?"

"ಕೆಲವು ಇಲಿಗಳು ತುಂಬಾ ಜಾಣ ಇರ್ತಾವೆ ಮೇಡಂ."

ಐಸಕ್ಕನಿಗೆ ನಗು ಬಂತು. ಬಂದ ನಗುವನ್ನು ಅಲ್ಲೇ ಹಲ್ಲಿನಲ್ಲಿ ಹಿಡಿದಿಟ್ಟಳು. ಎಷ್ಟಾಯಿತು ಎಂದು ಕೇಳಿದರೆ ಅವನು ತಲೆಯಾಡಿಸಿ, "ಒಂದು ನಿಂಬೆ ಐಸ್ ಕೊಡಿ, ಸಾಕು" ಎಂದ. ಕೂಲಿ ಬೇಡವೆನ್ನುವ ಮೆಕ್ಯಾನಿಕ್! ಅವಳ ತಲೆಯಲ್ಲಿ ಆಗಲೇ ಹುಳ ಹೊಕ್ಕಿತು.

ಅವನು ಟ್ಯೂಬನ್ನು ಎರಡೂ ಅಂಗೈಗಳ ನಡುವೆ ಹೊರಳಿಸಿ, ತುದಿಯನ್ನು ಹಲ್ಲಿನಿಂದ ಕಚ್ಚಿ ಕಿತ್ತು, ಮೊದಲ ಹುಳಿ ನಾಲಿಗೆಗೆ ತಾಗಿದಾಗ ಕಣ್ಣು ಮುಚ್ಚಿಕೊಂಡ. ಕೆನ್ನೆಯ ಮೇಲೆ ರೆಪ್ಪೆಗಳ ನೆರಳು ಬಿತ್ತು.

ಕಳ್ಳನಿಗೆ ಇಷ್ಟುದ್ದ ರೆಪ್ಪೆ ಯಾಕೆ ಬೇಕು ಎಂದುಕೊಂಡಳು ಐಸಕ್ಕ. ಹಾಗೆ ಅಂದುಕೊಂಡದ್ದಕ್ಕೆ ತನ್ನ ಮೇಲೇ ಸಿಟ್ಟಾದಳು.

ಆಮೇಲೆ ಅವನು ದಿನವೂ ಬರತೊಡಗಿದ. ಕರೆಯದೆ.

"ಈ ದಾರೀಲಿ ಹೋಗ್ತಿದ್ದೆ, ಹಾಗೇ ನೋಡಿ ಹೋಗೋಣ ಅಂತ."

"ನಿಮ್ಮ ದಾರಿ ದಿನಾ ಈ ಕಡೆಗೇ ಇರುತ್ತಾ?"

"ಇತ್ತೀಚೆಗೆ ಹೌದು," ಎಂದು ಅವನು ಫ್ರೀಜರಿನ ಮುಚ್ಚಳ ಎತ್ತಿ, ಒಳಗಿನ ತಣ್ಣನೆಯ ಹೊಗೆಯಲ್ಲಿ ಮುಖ ಮರೆಸಿಕೊಂಡ. ಮುಚ್ಚಳ ಇಳಿಸಿದಾಗ ಹುಬ್ಬಿನ ಮೇಲೆ ಸಣ್ಣಗೆ ಹಿಮದ ಪುಡಿ. ಒರೆಸಿಕೊಳ್ಳಿ ಎಂದು ಹೇಳಲು ಬಾಯಿ ತೆರೆದವಳು, ಹೇಳಿದರೆ ನೋಡಿದ್ದೇನೆಂದು ಒಪ್ಪಿಕೊಂಡಂತಾಗುತ್ತದೆ ಎಂದು ಸುಮ್ಮನಾದಳು.

"ಏನಾದ್ರೂ ಹೇಳಕ್ಕೆ ಬಂದ್ರಾ?"

"ಇಲ್ಲ."

"ಹೇಳೋ ಹಾಗೆ ನೋಡ್ತಿದ್ರಿ."

"ನನ್ನ ಮನೇಲಿ ನಾನು ಎಲ್ಲಿ ಬೇಕಾದ್ರೂ ನೋಡ್ತೀನಿ."

ಅವನು ನಕ್ಕ. ಅವಳು ಅವನ ಕೈ ನೋಡಿದಳು. ಒಂದು ಕೈಯಲ್ಲಿ ನಿಂಬೆ ಐಸ್, ಇನ್ನೊಂದು ಕೈ ಖಾಲಿ. ಆದರೂ ನೆಮ್ಮದಿ ಅನ್ನಿಸಲಿಲ್ಲ. ಅವನು ಬರುವುದು ತಡವಾದ ದಿನ ಬಾಗಿಲ ಕಡೆ ಕಿವಿ ಹೋಗುತ್ತಿತ್ತು. ಅದಂತೂ ಇನ್ನೂ ದೊಡ್ಡ ಅನುಮಾನಕ್ಕೆ ಕಾರಣವಾಯಿತು, ಅವಳಿಗೆ ಅವಳ ಮೇಲೇ.

ಈ ಉರಿಗೆ ತುಪ್ಪ ಸುರಿದದ್ದು ಎದುರು ಮನೆಯ ಟೈಲರಮ್ಮ. ಬಟ್ಟೆ ಹೊಲಿಯುತ್ತ ಇಡೀ ಬೀದಿಯನ್ನು ಕನ್ನಡಕದ ಮೇಲಿಂದ ಕಾಯುವವಳು.

"ಅಲ್ಲ ಕಣೇ, ನಿಮ್ಮ ಫ್ರೀಜರ್‌ನವನನ್ನ ಆ ಐಸ್ ಕಂಪನಿ ಗೋಡೌನ್ ಹತ್ರ ನೋಡ್ದೆ. ಒಳಗೆ ಹೋಗೋನು, ಹೊರಗೆ ಬರೋನು, ಅವರದೇ ಮನೆ ಅನ್ನೋ ಹಾಗೆ."

"ಯಾವ ಕಂಪನಿ?"

"ಅದೇ, ನಿಮ್ಮೆಜಮಾನ್ರ ಗೆಳೆಯ ಸೇರ್ಕೊಂಡಿದ್ದಾನಲ್ಲ, ಅದು."

ಐಸಕ್ಕನಿಗೆ ಕಾಲ ಕೆಳಗಿನ ನೆಲವೇ ತಣ್ಣಗಾಯಿತು. ಎಲ್ಲ ಹೊಂದಿಕೆಯಾಗುತ್ತಿತ್ತು. ಕೂಲಿ ಬೇಡವೆಂದದ್ದು, ಕರೆಯದೆ ಬರುವುದು, ಇಲಿಯ ಕಥೆ.

ಮರುದಿನ ತಾನೇ ಹೊಸದಾಗಿ ಹಿಡಿದಿದ್ದ ಒಂದೆರಡು ಅಂಗಡಿಗಳಿಗೆ ಮಾಲು ಹಾಕಿ ಹಿತ್ತಲ ಬಾಗಿಲಿಂದ ಒಳಗೆ ಬಂದವಳಿಗೆ ಮುಂದಿನ ಕೋಣೆಯಲ್ಲಿ ಪಿಸುಮಾತು ಕೇಳಿಸಿತು. ಅತ್ತೆಯ ದನಿ.

"ಅವಳಿಗೆ ಮಾತ್ರ ಹೇಳ್ಬೇಡಪ್ಪ. ನಿನ್ನ ಕೈ ಮುಗೀತೀನಿ."

"ಎಷ್ಟು ದಿನ ಅಂತ ಮುಚ್ಚಿಡೋದಮ್ಮಾ?"

"ನಡೆಯೋಷ್ಟು ದಿನ ನಡೀಲಿ."

ಬಾಗಿಲ ಸಂದಿಯಿಂದ ನೋಡಿದರೆ ಅತ್ತೆ ಏಪ್ರನ್ನಿನ ಜೇಬಿನಿಂದ ಏನನ್ನೋ ತೆಗೆದು ಅವನ ಅಂಗೈಗಿಟ್ಟು, ಬೆರಳು ಮಡಚಿ ಮುಚ್ಚುತ್ತಿದ್ದರು. ಐಸಕ್ಕ ಬೇಕೆಂದೇ ಚಪ್ಪಲಿ ಸದ್ದು ಮಾಡಿಕೊಂಡು ಒಳಗೆ ಬಂದಳು. ಇಬ್ಬರ ಬಾಯಿಗೂ ಬೀಗ ಬಿತ್ತು.

"ಏನು ಮಾತಾಡ್ತಿದ್ರಿ?"

"ಸೆಕೆ ಬಗ್ಗೆ," ಎಂದರು ಅತ್ತೆ.

"ಹೌದು, ವಿಪರೀತ ಸೆಕೆ," ಎಂದ ಮೆಕ್ಯಾನಿಕ್. ಫ್ರೀಜರಿನ ಮುಚ್ಚಳ ಆಗಷ್ಟೇ ತೆರೆದಿತ್ತು. ತಣ್ಣನೆಯ ಹೊಗೆ ಮೂವರ ಮುಖಕ್ಕೂ ಬಡಿಯುತ್ತಿತ್ತು.

ಅತ್ತೆಯೂ! ಆ ದಿನ ಐಸಕ್ಕನಿಗೆ ಊಟ ಸೇರಲಿಲ್ಲ. ಮಗನೇ ಇಲ್ಲದ ಮೇಲೆ ಸೊಸೆ ಯಾರು? ಮನೆ, ಯಂತ್ರ, ಫ್ರೀಜರ್ ಎಲ್ಲ ಅತ್ತೆಯ ಹೆಸರಿನಲ್ಲಿವೆ. ಕಂಪನಿಗೆ ಮಾರಿಬಿಡುವ ಮಾತುಕತೆ ಇರಬಹುದು, ನಡುವೆ ನಿಂತು ಮಾತಾಡಿಸುವವನು ಇವನು ಇರಬಹುದು. ಅವಳು ಅತ್ತೆಯ ಮುಖವನ್ನೇ ನೋಡಿದಳು. ಅತ್ತೆ ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಇದ್ದರು, ತಿನ್ನುವುದನ್ನೇ ಮರೆತವರಂತೆ.

ಶಾಲೆಯ ಕ್ರೀಡಾಕೂಟಕ್ಕೆ ದೊಡ್ಡ ಆರ್ಡರ್ ಬಂದಿತ್ತು. ಗಂಡ ಹೋದ ಮೇಲೆ ಅಷ್ಟು ದೊಡ್ಡದು ಬಂದದ್ದು ಅದೇ ಮೊದಲು. ಇಬ್ಬರೂ ಕೂತು ಟ್ಯೂಬು ತುಂಬಿದರು. ಅತ್ತೆಯ ಕಾಲು ಸೀಲಿಂಗ್ ಯಂತ್ರದ ಮೇಲೆ ಹಳೆಯ ಲಯದಲ್ಲಿ ಏರಿಳಿಯಿತು. ಟ್ರೇ ಒಳಗಿಟ್ಟು, ಮಾರನೆಯ ಮಧ್ಯಾಹ್ನ ಥರ್ಮಾಕೋಲ್ ಡಬ್ಬಿಗಳನ್ನು ತರಲು ಐಸಕ್ಕ ಪೇಟೆಗೆ ಹೋದಳು. ಬಂದು ಮುಚ್ಚಳ ಎತ್ತಿದರೆ ಬಣ್ಣಬಣ್ಣದ ನೀರು. ಟ್ಯೂಬುಗಳು ಕೈಯಲ್ಲಿ ಮೀನಿನ ಹಾಗೆ ಜಾರಿದವು. ಶಾಲೆಯವರು ಬರಲು ಸ್ವಲ್ಪ ಹೊತ್ತಷ್ಟೇ ಉಳಿದಿತ್ತು.

ಅದೇ ಹೊತ್ತಿಗೆ ಮೆಕ್ಯಾನಿಕ್ ಏದುಸಿರು ಬಿಡುತ್ತ ಬಾಗಿಲಲ್ಲಿ ಬಂದು ನಿಂತ. ಅವನ ಹಿಂದೆಯೇ ಟೈಲರಮ್ಮ, ಕತ್ತಿನಲ್ಲಿ ಅಳತೆ ಟೇಪ್ ಹಾಕಿಕೊಂಡೇ.

"ಎಲ್ಲಿಂದ ಬಂದ್ರಿ ಈಗ?" ಐಸಕ್ಕನ ದನಿ ಅವಳಿಗೇ ಗುರುತು ಸಿಗಲಿಲ್ಲ.

"ಆ ಕಂಪನಿ ಗೋಡೌನ್‌ನಲ್ಲಿ ಕೆಲಸ ಇತ್ತು. ತಡವಾಯ್ತು."

"ಅವರ ಕೂಲಿ ತಗೊಂಡು ನನ್ನ ಫ್ರೀಜರ್ ನಿಲ್ಲಿಸ್ತೀರಾ? ನಾನು ಇವತ್ತು ಮಕ್ಕಳ ಮುಂದೆ ಏನು ಹೇಳ್ಲಿ?"

ಅವನು ಅವಳನ್ನು ನೋಡಲಿಲ್ಲ. ಒಳಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದ ಅತ್ತೆಯನ್ನು ನೋಡಿದ. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಅವನು ಜೇಬಿಗೆ ಕೈ ಹಾಕಿ, ಒಂದು ಬೀಗದ ಕೈ ತೆಗೆದು ಫ್ರೀಜರಿನ ಮೇಲಿಟ್ಟ.

ಮುಂಬಾಗಿಲಿನ ಕೀ.

"ನಮ್ಮನೆ ಕೀ ನಿಮ್ಮ ಹತ್ರ!" ಎಂದಳು ಐಸಕ್ಕ. ಟೈಲರಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಐಸಕ್ಕ ಅತ್ತೆಯ ಕಡೆ ತಿರುಗಿದಳು. "ಅತ್ತೆ, ಇದನ್ನ ನೀವು ಕೊಟ್ಟಿದ್ದಾ?"

ಅತ್ತೆ ಕೀಯನ್ನು ನೋಡಿದರು, ಸೊಸೆಯನ್ನು ನೋಡಿದರು. "ಇಲ್ಲ," ಎಂದರು.

ಮೆಕ್ಯಾನಿಕ್ ಒಂದು ಮಾತನ್ನೂ ಎದುರಾಡಲಿಲ್ಲ. "ಇವತ್ತು ನಾನು ಬೇಗ ಬರ್ಬೇಕಿತ್ತು. ತಪ್ಪು ನನ್ನದೇ ಅಂದ್ಕೊಳ್ಳಿ," ಎಂದು ಟೂಲ್ ಬ್ಯಾಗ್ ಎತ್ತಿಕೊಂಡು, ಬಾಗಿಲಲ್ಲಿ ತಲೆ ಬಗ್ಗಿಸಿ ಹೊರಟುಹೋದ.

ಬೆಳಗಾಗುವುದರೊಳಗೆ ಬೀದಿಗೆಲ್ಲ ಸುದ್ದಿ ಮುಟ್ಟಿತ್ತು. ಬೇಕರಿಯವನು ಮೆಕ್ಯಾನಿಕ್‌ಗೆ ಕೊಟ್ಟಿದ್ದ ಕೆಲಸ ವಾಪಸ್ ಪಡೆದನಂತೆ. ಔಷಧಿ ಅಂಗಡಿಯವನು ತನ್ನ ಫ್ರಿಜ್ ಮುಟ್ಟಲು ಬಿಡಲಿಲ್ಲವಂತೆ. ಕೇಳಿ ಐಸಕ್ಕನಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ನಿಂಬೆಯ ಟ್ರೇ ಮುಟ್ಟಿದಾಗಲೆಲ್ಲ ಎದೆಯಲ್ಲಿ ಏನೋ ಚುಚ್ಚುತ್ತಿತ್ತು. ಮುಂಬಾಗಿಲಿಗೆ ಹೊಸ ಬೀಗ ಹಾಕಿಸಿದಳು.

ಹೊಸ ಬೀಗ ಬಿದ್ದ ಮೇಲೆ ಐಸ್ ಇನ್ನೂ ಹೆಚ್ಚು ಕರಗತೊಡಗಿತು.

ಮೊದಲು ವಾರಕ್ಕೊಮ್ಮೆ ಬಣ್ಣ ತಳಕ್ಕಿಳಿಯುತ್ತಿತ್ತು. ಈಗ ಎರಡು ದಿನಕ್ಕೊಮ್ಮೆ ಇಡೀ ಟ್ರೇ ನೀರು. ಮೆಕ್ಯಾನಿಕ್ ಆ ಕಡೆ ಸುಳಿದಿರಲಿಲ್ಲ. ಹೊಸ ಬೀಗಕ್ಕಿದ್ದ ಕೀ ಒಂದೇ, ಅದು ಅವಳ ಕೊರಳಲ್ಲೇ ಇತ್ತು. ಹಿತ್ತಲ ಬಾಗಿಲ ಕೀಯೂ ಅದರ ಜೊತೆಗೇ. ಹಾಗಾದರೆ ಹೊರಗಿನವರು ಯಾರೂ ಅಲ್ಲ. ಮನೆಯೊಳಗಿದ್ದವರು ಇಬ್ಬರೇ, ಅದರಲ್ಲಿ ಒಬ್ಬಳು ತಾನು. ಈ ಲೆಕ್ಕ ತಲೆಗೆ ಬಂದಾಗ ಐಸಕ್ಕ ಸಕ್ಕರೆ ಪಾಕ ಕಲಕುವುದನ್ನು ನಿಲ್ಲಿಸಿ ಕೂತುಬಿಟ್ಟಳು.

ಮರುದಿನ ಮಾಲು ಹಾಕಲು ಹೊರಟವಳು ಬೀದಿಯ ತಿರುವಿನಿಂದಲೇ ಹಿಂದಿರುಗಿ, ಹಿತ್ತಲ ಕಡೆಯಿಂದ ಬಂದು, ಅಡುಗೆಮನೆಯ ಕತ್ತಲಲ್ಲಿ ನಿಂತಳು. ಸ್ವಂತ ಮನೆಯಲ್ಲಿ ಕಳ್ಳಿಯ ಹಾಗೆ ನಿಂತಿದ್ದೇನಲ್ಲ ಎಂದು ನಾಚಿಕೆಯಾಯಿತು. ಆದರೂ ಕದಲಲಿಲ್ಲ.

ಅತ್ತೆ ಮಲಗುವ ಕೋಣೆಯಿಂದ ಬರಿಗಾಲಲ್ಲಿ ಬಂದರು. ಸದ್ದಾಗದಂತೆ ಹೆಜ್ಜೆಯಿಡುತ್ತ ಗೋಡೆಯ ಬಳಿ ಹೋಗಿ, ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿ, ಸ್ವಿಚ್ ಆಫ್ ಮಾಡಿದರು. ಗುಂಯ್ ಎನ್ನುವ ಸದ್ದು ನಿಂತಿತು. ಮನೆಯೇ ಉಸಿರು ನಿಲ್ಲಿಸಿದಂತಾಯಿತು.

"ಅತ್ತೆ!"

ಅತ್ತೆ ತುಟಿಯ ಮೇಲೆ ಬೆರಳಿಟ್ಟರು. ಮುಖದಲ್ಲಿ ಕಪಟದ ಒಂದು ಗೆರೆಯೂ ಇರಲಿಲ್ಲ. "ಶ್... ಮೆಲ್ಲಗೆ ಮಾತಾಡು. ಈಗಷ್ಟೇ ಮಲಗಿದ್ದಾನೆ. ಈ ಹಾಳು ಸದ್ದಿಗೆ ಅವನಿಗೆ ನಿದ್ದೆ ಬರಲ್ಲ."

"ಯಾರಿಗೆ?"

"ಯಾರಿಗೆ ಅಂತ ಕೇಳ್ತೀಯಲ್ಲ! ಪುಟ್ಟಂಗೆ."

ಪುಟ್ಟ ಎಂದರೆ ಐಸಕ್ಕನ ಗಂಡ. ಚಿಕ್ಕವನಿದ್ದಾಗ ಫ್ರೀಜರಿನ ಸದ್ದಿಗೆ ಮಧ್ಯಾಹ್ನದ ನಿದ್ದೆ ಬಾರದೆ ಅಳುತ್ತಿದ್ದನಂತೆ. ಆಗೆಲ್ಲ ಅತ್ತೆ ಅರ್ಧ ಗಂಟೆ ಫ್ರೀಜರ್ ನಿಲ್ಲಿಸಿ ಅವನನ್ನು ತಟ್ಟಿ ಮಲಗಿಸುತ್ತಿದ್ದರಂತೆ. ಆ ಕಥೆಯನ್ನು ಅವನೇ ನಗುತ್ತ ಹೇಳಿದ್ದ.

ಐಸಕ್ಕ ಮೆಲ್ಲಗೆ ಹೋಗಿ ಅತ್ತೆಯ ಕೈ ಹಿಡಿದಳು. ಕೈ ಹಿಡಿದ ಬಿಸಿಗೋ ಏನೋ, ಅತ್ತೆಯ ಕಣ್ಣು ನಿಧಾನಕ್ಕೆ ತಿಳಿಯಾಯಿತು. ಸ್ವಿಚ್ಚಿನ ಮೇಲಿದ್ದ ತಮ್ಮದೇ ಬೆರಳನ್ನು ನೋಡಿಕೊಂಡವರು ಅಲ್ಲೇ ಗೋಡೆಗೊರಗಿ ಕುಸಿದರು.

"ಮತ್ತೆ ನಾನೇ ಮಾಡಿದ್ನಾ?"

"ಯಾವಾಗಿಂದ ಹೀಗೆ, ಅತ್ತೆ?"

"ಗೊತ್ತಿಲ್ಲ ಮಗಾ. ತಿಳಿವು ಬಂದಾಗ ನಾನೇ ಮತ್ತೆ ಸ್ವಿಚ್ ಹಾಕಿಬಿಡ್ತಿದ್ದೆ. ಆ ಹುಡುಗ ಒಂದಿನ ನೋಡ್ಬಿಟ್ಟ. ನಿಂಗೆ ಹೇಳ್ಬೇಡ ಅಂತ ನಾನೇ ಗೋಗರೆದೆ. ಗೊತ್ತಾದ್ರೆ ನನ್ನನ್ನ ಯಂತ್ರದ ಹತ್ರ ಬಿಡ್ತೀಯಾ ನೀನು? ಮೂಲೇಲಿ ಕೂರಿಸ್ತೀಯ. ಮೊದಲೇ ನಿನ್ನ ತಲೆ ಮೇಲೆ ಬೆಟ್ಟ ಇದೆ, ನಾನೊಂದು ಹೊರೆ ಆಗ್ಲಾ? ಮಂಕು ಕವಿದಾಗ ನಾನು ಬಾಗಿಲು ತೆಗೀದೆ ಇದ್ರೆ ಅಂತ ಕೀ ಕೊಟ್ಟೆ. ನೀನು ಹೊರಗೆ ಹೋದಾಗೆಲ್ಲ ಬಂದು ಸ್ವಿಚ್ ನೋಡಿ ಹೋಗ್ತಿದ್ದ, ಪಾಪ."

"ಮತ್ತೆ ಅವತ್ತು ಇಲ್ಲ ಅಂದ್ರಲ್ಲ?"

ಅತ್ತೆ ಮುಖ ಮುಚ್ಚಿಕೊಂಡರು. "ಭಯಕ್ಕೆ ಅಂದ್ನೋ, ಮರೆತು ಅಂದ್ನೋ, ನನಗೇ ತಿಳೀತಿಲ್ಲ ಕಣೇ."

ಐಸಕ್ಕ ಅವರನ್ನು ತಬ್ಬಿ ಕೂತಳು. ಫ್ರೀಜರನ್ನು ಮತ್ತೆ ಹಚ್ಚಬೇಕೆಂಬುದು ಬಹಳ ಹೊತ್ತಿನವರೆಗೂ ಇಬ್ಬರಿಗೂ ನೆನಪಾಗಲಿಲ್ಲ.

ಮೆಕ್ಯಾನಿಕ್‌ನ ಶೆಡ್ಡಿನಲ್ಲಿ ಬಾಗಿಲು ಕಳಚಿದ ಫ್ರಿಜ್‌ಗಳು ಬಾಯಿ ತೆರೆದು ನಿಂತಿದ್ದವು. ಅವನು ನೆಲದ ಮೇಲೆ ಕೂತು ಒಂದು ಮೋಟಾರು ಬಿಚ್ಚುತ್ತಿದ್ದ. ಅವಳನ್ನು ಕಂಡು ಎದ್ದ, ಆದರೆ ನಗಲಿಲ್ಲ.

"ಫ್ರೀಜರ್ ಕೆಟ್ಟಿದ್ರೆ ಬೇರೆಯವರನ್ನ ಕರೀರಿ, ಮೇಡಂ."

"ಕೆಟ್ಟಿರೋದು ಫ್ರೀಜರ್ ಅಲ್ಲ," ಎಂದಳು ಐಸಕ್ಕ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಮರೆತುಹೋಗಿದ್ದವು. "ಅತ್ತೆ ಎಲ್ಲಾ ಹೇಳಿದ್ರು."

ಅವನು ಸ್ಪ್ಯಾನರನ್ನು ಕೆಳಗಿಟ್ಟ. "ಹೇಗಿದ್ದಾರೆ?"

ತನ್ನ ಮೇಲೆ ಬಂದ ಅಪವಾದವನ್ನು ಕೇಳದೆ ಮೊದಲು ಅದನ್ನು ಕೇಳಿದನಲ್ಲ ಎಂದುಕೊಂಡಳು. "ಡಾಕ್ಟರ್‌ಗೆ ತೋರಿಸಿದೆ. ಪೂರ್ತಿ ವಾಸಿ ಆಗೋದಲ್ವಂತೆ. ಕೈಗೆ ಕೆಲಸ ಇರ್ಲಿ, ಒಬ್ಬರನ್ನೇ ಬಿಡ್ಬೇಡಿ ಅಂದ್ರು." ಅವನ ಮುಖ ನೋಡಿ, "ನಾನು ನಿಮ್ಮನ್ನ ಬೀದಿ ಮುಂದೆ ಕಳ್ಳ ಅಂದೆ. ಕ್ಷಮಿಸಿ," ಎಂದಳು.

"ಆ ಕೀ ನೋಡಿದ್ರೆ ಯಾರಾದ್ರೂ ಹಾಗೇ ಅಂತಿದ್ರು."

"ಆದ್ರೆ ನಂಗೆ ನಿಮ್ಮ ಮೇಲೆ ಸಿಟ್ಟೂ ಇದೆ. ನಮ್ಮನೆ ವಿಷಯ ನನ್ನಿಂದ್ಲೇ ಮುಚ್ಚಿಟ್ರಿ. ಮೊದಲೇ ಗೊತ್ತಾಗಿದ್ರೆ ಅವರೊಬ್ಬರೇ ಹೆದರ್ಕೊಂಡು ಇರ್ತಿರ್ಲಿಲ್ಲ."

ಅವನು ತಲೆ ತಗ್ಗಿಸಿದ. "ಅದು ನಿಜ. ಅಲ್ಲಿ ನಾನು ತಪ್ಪಿದೆ. ಅವರು ಕೈ ಮುಗಿದಾಗ ನನ್ನ ಬಾಯಿ ಕಟ್ಟಿಹೋಯ್ತು."

"ಕಂಪನಿ ಗೋಡೌನ್?"

"ಅವರ ಫ್ರೀಜರೂ ಕೆಡ್ತಾವೆ, ಮೇಡಂ. ನಾನು ಮೆಕ್ಯಾನಿಕ್."

ಇಷ್ಟು ಸಣ್ಣ ಉತ್ತರಕ್ಕೆ ಅಷ್ಟು ದೊಡ್ಡ ಅನುಮಾನ! ಅವಳಿಗೆ ಅಳು ಬರುವ ಬದಲು ನಗು ಬಂತು. ಈ ಸಲ ಹಲ್ಲಿನಲ್ಲಿ ಹಿಡಿದಿಡಲಿಲ್ಲ. ಅವನು ಆ ನಗುವನ್ನೇ ನೋಡುತ್ತ ನಿಂತ, ಗ್ರೀಸ್ ಮೆತ್ತಿದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ.

"ಒಂದು ವಿಷಯದಲ್ಲಿ ಮಾತ್ರ ನಿಮ್ಮ ಅನುಮಾನ ಸರಿ," ಎಂದ ಮೆಲ್ಲಗೆ.

"ಯಾವುದು?"

"ಸ್ವಿಚ್ ನೋಡೋಕೆ ನೀವಿಲ್ಲದಾಗ ಬಂದ್ರೆ ಸಾಕಿತ್ತು. ನೀವಿದ್ದಾಗ ಬಂದಿದ್ದಕ್ಕೆ ಬೇರೆ ಕಾರಣ."

ಐಸಕ್ಕನ ಕಿವಿ ಬಿಸಿಯಾಯಿತು. "ನಿಂಬೆ ಐಸಾ?"

"ನಿಜ ಹೇಳ್ಲಾ? ನಂಗೆ ಹುಳಿ ಆಗಲ್ಲ. ಹಲ್ಲು ಜುಮ್ ಅನ್ನುತ್ತೆ. ಅದನ್ನ ತಿನ್ನೋಕೆ ಬಹಳ ಹೊತ್ತು ಹಿಡಿಯುತ್ತೆ, ಅದಕ್ಕೇ ಕೇಳ್ತಿದ್ದೆ."

ಅವಳು ಹೊಸ ಬೀಗದ ಕೀಯನ್ನು ಕೊರಳಿಂದ ತೆಗೆದು ಅವನ ಮುಂದೆ ಹಿಡಿದಳು. "ಇನ್ನೊಂದು ಮಾಡಿಸ್ಬೇಕು. ಬರ್ತೀರಾ ಜೊತೆಗೆ? ಬೀದಿಯವರೆಲ್ಲ ನೋಡೋ ಹಾಗೆ, ಮುಂದಿನ ದಾರೀಲೇ ಹೋಗೋಣ."

ಹಾಗೆಯೇ ಹೋದರು. ಟೈಲರಮ್ಮನ ಕಿಟಕಿಯ ಮುಂದೆ ಐಸಕ್ಕ ಬೇಕೆಂದೇ ನಿಂತು, "ಅಕ್ಕಾ, ನಾನು ತಪ್ಪು ತಿಳ್ಕೊಂಡಿದ್ದೆ. ಇವರು ಏನೂ ಮಾಡಿಲ್ಲ. ಕಳ್ಳ ಅಂದಿದ್ದನ್ನ ಎಷ್ಟು ಜನಕ್ಕೆ ಹೇಳಿದ್ರೋ, ಇದನ್ನೂ ಅಷ್ಟೇ ಜನಕ್ಕೆ ಹೇಳ್ಬಿಡಿ," ಎಂದಳು. ಟೈಲರಮ್ಮ ಸೂಜಿಗೆ ದಾರ ಪೋಣಿಸಲು ಬಹಳ ಕಷ್ಟಪಟ್ಟಳು. ಆದರೆ ಹೇಳಿದಳು, ಸುದ್ದಿ ಯಾವುದಾದರೂ ಅವಳಿಗೆ ಭೇದವಿರಲಿಲ್ಲ. ವಾರದೊಳಗೆ ಬೇಕರಿಯವನು ತಾನೇ ಮೆಕ್ಯಾನಿಕ್‌ನನ್ನು ಕರೆದ.

ಅತ್ತೆಯನ್ನು ಯಾರೂ ಮೂಲೆಯಲ್ಲಿ ಕೂರಿಸಲಿಲ್ಲ. ಮೆಕ್ಯಾನಿಕ್ ಸ್ವಿಚ್ಚನ್ನು ಛಾವಣಿಯ ಹತ್ತಿರಕ್ಕೆ ಏರಿಸಿದ. ಮಧ್ಯಾಹ್ನ ಐಸಕ್ಕ ಮಾಲು ಹಾಕಲು ಹೋದಾಗ ಅವನು ಬಂದು ಅತ್ತೆಯ ಜೊತೆ ಟ್ಯೂಬು ತುಂಬಿಸುತ್ತ ಕೂರುತ್ತಿದ್ದ. ಅತ್ತೆಯ ತಲೆ ಮರೆತರೂ ಕಾಲು ಯಂತ್ರದ ಲಯ ಮರೆಯಲಿಲ್ಲ. ಕೆಲವು ದಿನ ಅವನನ್ನು ಬಾಯ್ತುಂಬ ಮಾತಾಡಿಸುತ್ತಿದ್ದರು, ಕೆಲವು ದಿನ ಅವನು ಯಾರೆಂದೇ ತಿಳಿಯುತ್ತಿರಲಿಲ್ಲ. ಐಸಕ್ಕ ಮತ್ತು ಮೆಕ್ಯಾನಿಕ್ ನಡುವೆ "ಮೇಡಂ" ಹೋಗಿತ್ತು, "ನೀವು" ಹೋಗಿರಲಿಲ್ಲ. ಇಬ್ಬರಿಗೂ ಹೇಳಬೇಕಾದದ್ದು ನಾಲಿಗೆಯ ತುದಿಯಲ್ಲೇ ಇತ್ತು. ಯಾರು ಮೊದಲು ಎಂದು ಕಾಯುತ್ತ ದಿನಗಳು ಹೋದವು.

ಒಂದು ಸಂಜೆ ಅವನು ಡ್ರಮ್ಮಿನ ಮೇಲೆ ಬಗ್ಗಿ ದ್ರಾಕ್ಷಿಯ ಪಾಕ ಸೋಸುತ್ತಿದ್ದ. ಮೊಣಕೈಯವರೆಗೂ ನೇರಳೆ ಬಣ್ಣ. ಅತ್ತೆ ಅವನನ್ನು ಬಹಳ ಹೊತ್ತು ಕಣ್ಣು ಕಿರಿದು ಮಾಡಿ ನೋಡಿ, ಸೊಸೆಯನ್ನು ಪಕ್ಕಕ್ಕೆಳೆದರು.

"ಯಾರೇ ಅವನು? ದಿನಾ ಬರ್ತಾನೆ, ಮನೆಯವನ ಹಾಗೆ ಓಡಾಡ್ತಾನೆ. ನಂಗ್ಯಾಕೋ ಅನುಮಾನ."

ಐಸಕ್ಕ ಅವನ ಬೆನ್ನನ್ನು ನೋಡಿದಳು. ಸೋಸುವ ಕೈ ನಿಧಾನವಾಗಿತ್ತು. ರಿಪೇರಿಯವರು ಎನ್ನಬಹುದಿತ್ತು, ನಿನ್ನೆಯವರೆಗೂ ಹಾಗೆಯೇ ಅನ್ನುತ್ತಿದ್ದಳು.

"ನಾನು ಮದುವೆ ಆಗೋರು, ಅತ್ತೆ."

ಅತ್ತೆ ಇನ್ನಷ್ಟು ಹತ್ತಿರ ಬಂದು ಪಿಸುಗುಟ್ಟಿದರು. "ಅವನಿಗೆ ಗೊತ್ತಾ?"

"ಈಗ ಗೊತ್ತಾಯ್ತಮ್ಮಾ," ಎಂದ ಮೆಕ್ಯಾನಿಕ್, ತಿರುಗದೆಯೇ. ಅವನ ಕತ್ತಿನ ಹಿಂಭಾಗ ಕಿವಿಯವರೆಗೂ ಕೆಂಪಾಗಿತ್ತು.

ಅತ್ತೆ ಯೋಚಿಸಿದರು. "ಮುಖ ನೋಡಿದ್ರೆ ಒಳ್ಳೆಯವನ ಹಾಗೇ ಇದ್ದಾನೆ. ಆದ್ರೂ ನಾಲ್ಕು ಕಡೆ ವಿಚಾರಿಸಿ ನೋಡು, ಮಗಾ."

"ವಿಚಾರಿಸಿದೆ, ಅತ್ತೆ," ಎಂದಳು ಐಸಕ್ಕ. "ಬೇಕಾದಷ್ಟು ವಿಚಾರಿಸಿದೆ."